ವಂಶಾವಳಿ ಮತ್ತು ವಂಶವಾಹಿ: ಐಸ್‌ಲೆಂಡಿನ ಪ್ರಾಸ್ಟೇಟ್ ಕ್ಯಾನ್ಸರ್ ಅಧ್ಯಯನಗಳು

ಜಾನಪದ ಅಧ್ಯಯನವು ವಂಶಾವಳಿಯನ್ನು ಬಹುಕಾಲದಿಂದ ಸಾಮುದಾಯಿಕ ಸ್ಮೃತಿಯ ಒಂದು ಪ್ರಕಾರವೆಂದೇ ಪರಿಗಣಿಸಿದೆ. ಅದರಲ್ಲಿ ಹಕ್ಕು, ಮಾನ, ನೆಂಟಸ್ತಿಕೆಗಳನ್ನು ಹುಡುಕಲಾಗಿದೆಯೇ ಹೊರತು ರೋಗವನ್ನಲ್ಲ. ಈ ಎಲ್ಲೆಯನ್ನು ದಾಟಿದ ಸ್ಪಷ್ಟ ನಿದರ್ಶನ ಐಸ್‌ಲೆಂಡಿನದು.

ಒಂಬತ್ತನೆಯ ಶತಮಾನದ ಕೊನೆಯಲ್ಲಿ ಜನವಸತಿ ಕಂಡ ಈ ದ್ವೀಪದಲ್ಲಿ ಪೂರ್ವಿಕರ ಹೆಸರುಗಳನ್ನು ನೆನಪಿಡುವುದು ಒಂದು ಸಂಸ್ಕೃತಿಯೇ ಆಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಆರಿ ಥೋರ್ಗಿಲ್ಸನ್ ರಚಿಸಿದ ‘ಈಸ್ಲೆಂಡಿಂಗಬೋಕ್’ ಆ ನೆನಪಿಗೆ ಬರಹದ ರೂಪ ಕೊಟ್ಟ ಆದ್ಯ ಕೃತಿಗಳಲ್ಲೊಂದು. 1996ರಲ್ಲಿ ಸ್ಥಾಪಿತವಾದ ಡಿಕೋಡ್ ಜೆನೆಟಿಕ್ಸ್ ಸಂಸ್ಥೆಯು ದೇಶದ ವಂಶಾವಳಿಗಳನ್ನು ಗಣಕಕ್ಕೆ ಅಳವಡಿಸುವ ಕಾರ್ಯದಲ್ಲಿ ಪಾಲ್ಗೊಂಡಿತು. 2003ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಸಂಗ್ರಹಕ್ಕೆ ಹಳೆಯ ಕೃತಿಯ ಹೆಸರನ್ನೇ ಇಡಲಾಯಿತು. ಇತ್ತ 1955ರಿಂದ ಇಡೀ ದೇಶದ ಕ್ಯಾನ್ಸರ್ ರೋಗಿಗಳ ದಾಖಲೆ ಬೆಳೆಯುತ್ತ ಬಂದಿತ್ತು. ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಿಮೆಯಿರುವ ನಾಡಿನಲ್ಲಿ ಈ ಎರಡನ್ನು ಜೋಡಿಸಿದಾಗ ರೋಗವು ಯಾವ ಮನೆತನಗಳಲ್ಲಿ ಮರುಕಳಿಸುತ್ತದೆ ಎಂಬುದನ್ನು ಅನೇಕ ತಲೆಮಾರುಗಳವರೆಗೆ ಗುರುತಿಸುವುದು ಸಾಧ್ಯವಾಯಿತು.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆನುವಂಶಿಕತೆ ಗಾಢವಾಗಿರುವ ರೋಗ. ನಾರ್ಡಿಕ್ ದೇಶಗಳ ಅವಳಿಗಳನ್ನು ಕುರಿತ 2016ರ ಅಧ್ಯಯನವು ಈ ರೋಗದ ಅಪಾಯದಲ್ಲಿ ವ್ಯಕ್ತಿಗಳ ನಡುವೆ ಕಾಣುವ ವ್ಯತ್ಯಾಸದ ಶೇ. 57ರಷ್ಟನ್ನು ಆನುವಂಶಿಕ ಅಂಶಗಳಿಗೆ ಸಲ್ಲಿಸಿತು. ಐಸ್‌ಲೆಂಡಿನಲ್ಲಿ ಇದರ ಅತಿ ಕಠೋರ ರೂಪ ಕಂಡದ್ದು ಬಿಆರ್‌ಸಿಎ-2 ಎಂಬ ವಂಶವಾಹಿಯಲ್ಲಿ. ಮುರಿದ ಡಿಎನ್‌ಎಯನ್ನು ಸರಿಪಡಿಸುವ ಈ ವಂಶವಾಹಿಯಲ್ಲಿ ಐದು ಅಕ್ಷರಗಳು ಲೋಪವಾಗಿರುವ ದೋಷವೊಂದು ಅಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿದೆ. ವಾಹಕರೆಲ್ಲರಲ್ಲಿಯೂ ಲೋಪದ ಆಸುಪಾಸಿನ ಡಿಎನ್‌ಎ ಒಂದೇ ಬಗೆಯದಾಗಿರುವುದರಿಂದ ಇವರೆಲ್ಲ ಒಬ್ಬನೇ ಪೂರ್ವಿಕನ ಅಥವಾ ಪೂರ್ವಿಕಳ ಸಂತತಿಯೆಂದು ತಿಳಿಯಲಾಗಿದೆ. 2007ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದ ಮೇಲೆ ವಾಹಕರ ಬದುಕಿನ ಮಧ್ಯಾಂಕ 2.1 ವರ್ಷ, ಉಳಿದ ರೋಗಿಗಳದು 12.4 ವರ್ಷ.

ಗಂಡಸರ ರೋಗವಾದ್ದರಿಂದ ಇದು ತಂದೆಯಿಂದ ಮಗನಿಗೇ ಬರುತ್ತದೆಂಬ ಭಾವನೆ ಸಹಜ. ಆದರೆ ಬಿಆರ್‌ಸಿಎ-2 ಇರುವುದು 13ನೆಯ ವರ್ಣತಂತುವಿನಲ್ಲಿ. ಅದು ತಾಯಿಯಿಂದಲೂ ಮಗನಿಗೆ ಬರುತ್ತದೆ, ತಂದೆಯಿಂದ ಮಗಳಿಗೂ ಹೋಗುತ್ತದೆ. ಅದೇ ದೋಷ ಹೆಣ್ಣುಮಕ್ಕಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಎಡೆಮಾಡುತ್ತದೆ. ಆದ್ದರಿಂದ ತಾಯಿಯ ತಂದೆಗೋ ಸೋದರಮಾವನಿಗೋ ಬಂದ ಕಾಯಿಲೆಯ ಸುದ್ದಿ ಇಲ್ಲಿ ನಿರ್ಣಾಯಕ. ಈ ದೃಷ್ಟಿಯಿಂದ ಕನ್ನಡ ನಾಡಿನ ಕುಲಸ್ಮೃತಿಯನ್ನು ನೋಡಿದರೆ, ಬೆಡಗಿನ ಲೆಕ್ಕ ನಡೆಯುವುದು ತಂದೆಯ ಕಡೆಯಿಂದ, ತುಳುನಾಡಿನ ಬರಿಯ ಲೆಕ್ಕ ತಾಯಿಯ ಕಡೆಯಿಂದ. ಮದುವೆಯ ನಿಷೇಧಕ್ಕೆ ಇವು ಸಾಲುತ್ತವೆ. ವಂಶವಾಹಿಯ ಜಾಡನ್ನು ಹಿಡಿಯಲು ಇವೆರಡರಲ್ಲಿ ಯಾವುದೊಂದೂ ತಾನಾಗಿ ಸಾಲದು.

ಇಂಥ ಪ್ರಬಲ ದೋಷಗಳು ವಿರಳ. 2006ರಲ್ಲಿ ಐಸ್‌ಲೆಂಡಿನ ಕುಟುಂಬಗಳ ಮೂಲಕವೇ 8ನೆಯ ವರ್ಣತಂತುವಿನಲ್ಲಿ ಪತ್ತೆಯಾದ ಭೇದವು ಬೇರೊಂದು ಬಗೆಯದು: ಸಾಮಾನ್ಯ ಜನರಲ್ಲಿ ವ್ಯಾಪಕ, ಆದರೆ ಹೆಚ್ಚಿಸುವ ಅಪಾಯ ಅಲ್ಪ. ಸ್ವೀಡನ್ ಮತ್ತು ಅಮೆರಿಕದ ರೋಗಿಗಳಲ್ಲಿಯೂ ಇದು ದೃಢಪಟ್ಟಿತು. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಇನ್ನೂ ಹೆಚ್ಚಾಗಿ ಕಂಡಿತು. 2023ರ ಹೊತ್ತಿಗೆ ಇಂಥ ಭೇದಗಳ ಸಂಖ್ಯೆ 451ಕ್ಕೆ ಏರಿತ್ತು. ಇವುಗಳ ಒಟ್ಟು ಭಾರವನ್ನು ಅಳೆಯುವ ಸೂತ್ರಗಳು ಬಹುಮಟ್ಟಿಗೆ ಯುರೋಪಿಯನ್ ಮೂಲದವರ ಮಾಹಿತಿಯನ್ನು ಆಧರಿಸಿರುವುದರಿಂದ ಅವನ್ನು ಇತರ ಜನಸಮುದಾಯಗಳಿಗೆ ಹಾಗೆಯೇ ಅನ್ವಯಿಸುವುದು ಉಚಿತವಲ್ಲ.

ವಂಶಾವಳಿ ಒಬ್ಬರ ಸೊತ್ತಲ್ಲವೆಂಬ ಸಂಗತಿ ಐಸ್‌ಲೆಂಡಿನ ನ್ಯಾಯಾಲಯದಲ್ಲಿಯೂ ಚರ್ಚೆಗೆ ಬಂದಿತು. ನಾಗರಿಕರ ಆರೋಗ್ಯ ದಾಖಲೆಗಳನ್ನು ಒಂದೆಡೆ ಸೇರಿಸಲು 1998ರಲ್ಲಿ ಕಾಯಿದೆಯಾದಾಗ ಮಗಳೊಬ್ಬಳು ಗತಿಸಿದ ತನ್ನ ತಂದೆಯ ವಿವರಗಳನ್ನು ಕೊಡಕೂಡದೆಂದು ತಕರಾರು ಹೂಡಿದಳು. ಅವುಗಳಿಂದ ತನ್ನ ಬಗೆಗೂ ಊಹಿಸಬಹುದೆಂಬುದು ಅವಳ ವಾದ. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮನ್ನಿಸಿತು. ಮುಂದೆ 2018ರಲ್ಲಿ, ತಾವು ಬಿಆರ್‌ಸಿಎ-2 ದೋಷದ ವಾಹಕರೇ ಎಂದು ನಾಗರಿಕರು ತಾವಾಗಿ ಕೇಳಿ ತಿಳಿಯುವ ಅಂತರ್ಜಾಲ ವ್ಯವಸ್ಥೆಯನ್ನು ಡಿಕೋಡ್ ಆರಂಭಿಸಿತು. ವಾಹಕನೆಂದು ತಿಳಿದವನ ಮಕ್ಕಳಲ್ಲಿಯೂ ಒಡಹುಟ್ಟಿದವರಲ್ಲಿಯೂ ಪ್ರತಿಯೊಬ್ಬರಿಗೆ ಅದೇ ದೋಷ ಬಂದಿರುವ ಸಾಧ್ಯತೆ ಸುಮಾರು ಅರ್ಧ. ಅವರಿಗೆ ಅದನ್ನು ತಿಳಿಸುವುದೋ ಬಿಡುವುದೋ ಎಂಬ ತೀರ್ಮಾನ ಕೇಳಿ ತಿಳಿದವನ ಪಾಲಿಗೆ ಬರುತ್ತದೆ.