ದುಡ್ಡು ಹಿಡಿದವರದೇ ತೀರ್ಪು

'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆ ಹುಟ್ಟಿದ್ದು ಸಾಲದ ವ್ಯವಹಾರದಲ್ಲಿ. ಮನೆಯಲ್ಲಿ ಕುಳಿತೇ ಸಾಮಾನು ತರಿಸಿಕೊಳ್ಳುವ ಈ ಕಾಲದಲ್ಲಿ ಅದಕ್ಕೆ ಹೊಸ ಅರ್ಥ ಬಂದಿದೆ. ಮೊಬೈಲ್ ಫೋನಿಗೆ ಹಣ ಕಟ್ಟಿದವರ ಮನೆಗೆ ಸೋಪಿನ ಬಿಲ್ಲೆ ಬಂದ ಸುದ್ದಿ ಓದುಗರಿಗೆ ಹೊಸದಲ್ಲ. ಇದರ ಇನ್ನೊಂದು ಮಗ್ಗುಲು ಅಷ್ಟಾಗಿ ಸುದ್ದಿಯಾಗುವುದಿಲ್ಲ. ಹೊಸ ಸೀರೆ ಕಳುಹಿಸಿದ ವ್ಯಾಪಾರಿಗೆ 'ಬಣ್ಣ ಸರಿಯಿಲ್ಲ' ಎಂಬ ಷರಾದೊಂದಿಗೆ ಯಾರೋ ಉಟ್ಟು ಬಿಟ್ಟ ಹಳೆಯ ಸೀರೆ ಮರಳಿ ಬರುವುದೂ ಉಂಟು. ಎರಡೂ ಕಡೆ ಪ್ರಶ್ನೆ ಒಂದೇ. ಕೊಂಡವರು, ಮಾರಿದವರು ಒಬ್ಬರ ಮುಖ ಒಬ್ಬರು ನೋಡದ ವ್ಯಾಪಾರದಲ್ಲಿ ತಕರಾರು ಎದ್ದರೆ ನ್ಯಾಯ ಹೇಳುವವರು ಯಾರು?

ಈ ಪ್ರಶ್ನೆ ಕಂಪ್ಯೂಟರಿನಷ್ಟು ಹೊಸದಲ್ಲ. ದೂರದ ಊರಿನವರೊಂದಿಗೆ ವ್ಯಾಪಾರಕ್ಕೆ ಮನುಷ್ಯ ಇಳಿದಂದಿನಿಂದಲೂ ಅದು ಜೊತೆಗಿದೆ. ಅದಕ್ಕೆ ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಕರಾರು ತೀರುವವರೆಗೆ ಹಣ ಯಾರ ಕೈಯಲ್ಲಿ ನಿಲ್ಲುತ್ತದೆಯೋ, ಕೊನೆಗೆ ನಡೆಯುವುದು ಅವರ ಮಾತೇ.

ಧೂಳು ಕಾಲಿನವರ ನ್ಯಾಯಾಲಯ

ಊರ ಸಂತೆಯಲ್ಲಿ ತಕರಾರಿಗೆ ದೊಡ್ಡ ವ್ಯವಸ್ಥೆಯೇನೂ ಬೇಕಿರಲಿಲ್ಲ. ಕೊಳೆತ ಬದನೆಕಾಯಿ ಕೊಟ್ಟವನು ಮುಂದಿನ ವಾರವೂ ಅದೇ ಜಾಗದಲ್ಲಿ ಗೋಣಿತಾಟು ಹಾಸಿ ಕೂರಬೇಕು. ಗಿರಾಕಿ ಬಂದು ನಾಲ್ಕು ಜನರೆದುರು ಕೇಳಿದರೆ ಮರ್ಯಾದೆಯ ಪ್ರಶ್ನೆ. ಆದ್ದರಿಂದ ಒಂದು ಹಿಡಿ ಹೆಚ್ಚು ಹಾಕಿ ಮಾತು ಮುಗಿಸುವುದು ಲೇಸು.

ಇಂದು ಬಂದು ನಾಳೆ ಹೋಗುವ ವರ್ತಕರ ವಿಷಯ ಹಾಗಲ್ಲ. ಕನ್ನಡನಾಡಿನ ಹೆಸರಾಂತ ವರ್ತಕ ಸಂಘವಾದ ಐಹೊಳೆಯ ಐನೂರ್ವರು ತಾವು ವೀರಬಣಂಜು ಧರ್ಮದ ಪಾಲಕರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಗುರುತಿಲ್ಲದ ಊರಿನಲ್ಲಿ ವರ್ತಕನ ಬೆನ್ನಿಗಿದ್ದದ್ದು ಸಂಘದ ಹೆಸರು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದಕ್ಕಾಗಿ ಜಾತ್ರೆ ಹಾಗೂ ಸಂತೆಗಳಿಗೇ ಪ್ರತ್ಯೇಕ ನ್ಯಾಯಾಲಯಗಳಿದ್ದವು. ಅವುಗಳ ಹೆಸರು 'ಪೈಪೌಡರ್' ಕೋರ್ಟ್. ಹಳೆಯ ಫ್ರೆಂಚಿನಲ್ಲಿ 'ಧೂಳು ಮೆತ್ತಿದ ಕಾಲು' ಎಂಬರ್ಥದ ಮಾತಿನಿಂದ ಬಂದದ್ದು. ಊರೂರು ಅಲೆಯುವ ವರ್ತಕರ ಕಾಲಿನ ಧೂಳು ಅದು. ವರ್ತಕ ಗಂಟುಮೂಟೆ ಕಟ್ಟಿ ಹೊರಡುವ ಮೊದಲೇ ತೀರ್ಪು ಬೀಳಬೇಕು ಎಂಬುದೇ ಈ ನ್ಯಾಯಾಲಯದ ಜೀವಾಳ. ಸರಕು ಇನ್ನೂ ಮೈದಾನದಲ್ಲಿದ್ದರೆ ಮಾತ್ರ ತೀರ್ಪಿಗೆ ಬೆಲೆ. 18ನೇ ಶತಮಾನದ ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟನ್, ಇಂಗ್ಲಿಷ್ ಕಾನೂನಿನಲ್ಲಿ ಅತ್ಯಂತ ಕೆಳಗಿನ, ಆದರೆ ಅತ್ಯಂತ ಚುರುಕಾದ ನ್ಯಾಯಾಲಯ ಇದೇ ಎಂದು ಬಣ್ಣಿಸಿದ್ದ. ಬ್ರಿಸ್ಟಲ್ ನಗರದಲ್ಲಿ ಹೆಸರಿಗೆ ಮಾತ್ರ ಉಳಿದಿದ್ದ ಇಂಥದೊಂದು ನ್ಯಾಯಾಲಯವನ್ನು ರದ್ದುಪಡಿಸಿದ್ದು 1971ರ ಕಾಯಿದೆ.

ಅಂಚೆಯಣ್ಣನ ಕೈಗೆ ಹಣ

ವರ್ತಕನೇ ಬಾರದೆ ಸರಕು ಮಾತ್ರ ಬರುವ ಕಾಲ ಬಂದಾಗ ಈ ಉಪಾಯವೂ ಸಾಲದಾಯಿತು. ಭಾರತದಲ್ಲಿ ಅಂಚೆ ಇಲಾಖೆ 1877ರಲ್ಲಿ ಜಾರಿಗೆ ತಂದ ವಿ.ಪಿ.ಪಿ. ಈ ಕೊರತೆಯನ್ನು ತುಂಬಿತು. ಪುಸ್ತಕ, ಔಷಧಿ, ಕೈಗಡಿಯಾರಗಳನ್ನು ಹೀಗೆ ತರಿಸಿಕೊಂಡ ತಲೆಮಾರುಗಳೇ ಇವೆ. ಕೊಳ್ಳುವವರು ಮುಂಗಡ ಕಳುಹಿಸಬೇಕಿಲ್ಲ, ಮಾರುವವರು ಸಾಲ ಕೊಡಬೇಕಿಲ್ಲ. ಪೋಸ್ಟ್‌ಮನ್ ಪಾರ್ಸೆಲ್ ಕೊಟ್ಟು ಹಣ ಪಡೆದು ಮಾರಿದವರಿಗೆ ಮನಿಯಾರ್ಡರ್ ಮೂಲಕ ತಲುಪಿಸುತ್ತಿದ್ದ.

ತೊಡಕು ಇದ್ದದ್ದು ಒಂದೇ ಕಡೆ. ಹಣ ಕೊಟ್ಟ ಮೇಲಷ್ಟೇ ಪಾರ್ಸೆಲ್ ಬಿಚ್ಚಬೇಕು. ರೇಡಿಯೊ ಇರಬೇಕಾದಲ್ಲಿ ಕಲ್ಲು ಇದ್ದರೆ ಗೊತ್ತಾಗುವುದು ಪೋಸ್ಟ್‌ಮನ್ ಗೇಟು ದಾಟಿದ ಮೇಲೆ. ಇದನ್ನು ಸರ್ಕಾರ ಅರಿಯದೆ ಇರಲಿಲ್ಲ. ವಂಚನೆಯ ಪ್ರಕರಣಗಳಲ್ಲಿ ಹಣವನ್ನು ತಡೆಹಿಡಿದು ವಿಳಾಸದಾರರಿಗೇ ಮರಳಿಸುವ ನಿಯಮ ರೂಪಿಸಲು 1898ರ ಅಂಚೆ ಕಾಯಿದೆಯಲ್ಲೇ ಅವಕಾಶವಿತ್ತು. ಇಂದಿನ 'ರೀಫಂಡ್' ವ್ಯವಸ್ಥೆಯ ಬೀಜ ಅಲ್ಲಿ ಕಾಣುತ್ತದೆ. ಮುಂದೆ ಅಮೆರಿಕದಲ್ಲಿ 1974ರ ಒಂದು ಕಾಯಿದೆ ಕ್ರೆಡಿಟ್ ಕಾರ್ಡ್ ಬಿಲ್ಲಿನ ಬಗ್ಗೆ ತಕರಾರು ಎತ್ತುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿತು. ಹಣದ ನಡುವೆ ನಿಂತ ಬ್ಯಾಂಕು ಹೀಗೆ ಮಧ್ಯಸ್ಥನೂ ಆಯಿತು.

ಇಬೇ ಕಲಿತ ಪಾಠ

ಆನ್‌ಲೈನ್ ಮಾರುಕಟ್ಟೆ ಹುಟ್ಟಿದಾಗ ಈ ಹಳೆಯ ಪಾಠಗಳನ್ನೆಲ್ಲ ಮೊದಲಿನಿಂದ ಕಲಿಯಬೇಕಾಯಿತು. 1995ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ಯುವಕ ಆರಂಭಿಸಿದ ಹರಾಜುಕಟ್ಟೆ ಮುಂದೆ 'ಇಬೇ' ಎಂದು ಹೆಸರಾಯಿತು. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಬೆಲೆ 14.83 ಡಾಲರ್. ಕೆಟ್ಟಿದೆ ಎಂದು ಗೊತ್ತಿದ್ದೇ ಕೊಂಡವರಿದ್ದರು, ಹಾಗಾಗಿ ಜಗಳವಾಗಲಿಲ್ಲ. ಇಂದಿಗೂ ಆನ್‌ಲೈನ್ ವ್ಯಾಜ್ಯಗಳ ತಿರುಳು ಇದೇ. ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ಹೇಳಿದ್ದೊಂದು, ಬಂದದ್ದೊಂದು ಆಯಿತೇ ಎಂಬುದೇ ಮುಖ್ಯ ಪ್ರಶ್ನೆ.

ಜಗಳಗಳ ಪತ್ರಗಳು ಹೆಚ್ಚಿದಾಗ ಒಮಿಡ್ಯಾರ್ ಸಂತೆಯ ದಾರಿ ಹಿಡಿದರು. 1996ರಲ್ಲಿ ಕೊಂಡವರು, ಮಾರಿದವರು ಪರಸ್ಪರ ಅಂಕ ಕೊಡುವ ವ್ಯವಸ್ಥೆ ತಂದರು. ಒಳ್ಳೆಯ ಹೆಸರಿದ್ದವರ ಬಳಿ ಜನ ಕೊಳ್ಳುತ್ತಾರೆ, ಕೆಟ್ಟ ಹೆಸರಿನವರು ತಾವಾಗಿ ಹಿಂದೆ ಸರಿಯುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಆದರೆ ಇಲ್ಲಿ ಹಳ್ಳಿಯ ಮುಲಾಜು ಇರಲಿಲ್ಲ. ಕೆಟ್ಟ ಅಂಕ ಕೊಟ್ಟವರಿಗೆ ತಿರುಗಿ ಕೆಟ್ಟ ಅಂಕ ಕೊಡುವ ಸೇಡು ಬೆಳೆಯಿತು. ಅದಕ್ಕೆ ಅಂಜಿ ಮೋಸಹೋದವರೂ ಸುಮ್ಮನಾಗತೊಡಗಿದರು. ಕೊನೆಗೆ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವುದನ್ನೇ ಸಂಸ್ಥೆ ನಿಲ್ಲಿಸಿತು.

ಇದರ ನಡುವೆ 1999ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಈಥನ್ ಕ್ಯಾಟ್ಷ್ ಮತ್ತು ಸಂಗಡಿಗರು ಇಬೇಗಾಗಿ ಒಂದು ಪ್ರಯೋಗ ಮಾಡಿದರು. ಮಧ್ಯಸ್ಥರೊಬ್ಬರು ಇ-ಮೇಲ್ ಮೂಲಕವೇ ಎರಡೂ ಕಡೆಯವರ ಮಾತು ಕೇಳಿ ರಾಜಿ ಮಾಡಿಸುವ ಪ್ರಯತ್ನ ಅದು. ಎರಡು ವಾರಗಳಲ್ಲಿ ಸುಮಾರು 200 ವ್ಯಾಜ್ಯಗಳು ಬಂದವು. ಮುಖಾಮುಖಿ ಇಲ್ಲದೆಯೂ ಪಂಚಾಯಿತಿ ನಡೆಸಬಹುದು ಎಂಬುದಕ್ಕೆ ಅದು ಆಧಾರವಾಯಿತು.

ನಿಜವಾದ ಬದಲಾವಣೆ ಬಂದದ್ದು 2002ರಲ್ಲಿ ಇಬೇ, ಹಣ ಪಾವತಿ ಸಂಸ್ಥೆಯಾದ ಪೇಪಾಲ್ ಅನ್ನು ಕೊಂಡ ಮೇಲೆ. ಅಲ್ಲಿಯವರೆಗೆ ಬುದ್ಧಿಮಾತು ಹೇಳುವ ಹಿರಿಯನಂತಿದ್ದ ಸಂಸ್ಥೆಗೆ ಈಗ ಹಣವನ್ನು ತಡೆಯುವ, ಮರಳಿಸುವ ಅಧಿಕಾರ ಬಂತು. 2003ರಿಂದ 2011ರವರೆಗೆ ಅಲ್ಲಿನ ವ್ಯಾಜ್ಯ ವಿಭಾಗದ ಹೊಣೆ ಹೊತ್ತಿದ್ದ ಕಾಲಿನ್ ರೂಲ್ ಕಟ್ಟಿದ ವ್ಯವಸ್ಥೆ ವರ್ಷಕ್ಕೆ 6 ಕೋಟಿ ವ್ಯಾಜ್ಯಗಳನ್ನು ನೋಡಿಕೊಳ್ಳುವ ಮಟ್ಟಕ್ಕೆ ಬೆಳೆಯಿತು. ಅವುಗಳಲ್ಲಿ ಶೇ 90ರಷ್ಟು ಸಿಬ್ಬಂದಿಯ ಕೈ ಸೋಕದೆಯೇ, ಕಂಪ್ಯೂಟರ್ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತಲೇ ತೀರಿಹೋಗುತ್ತಿದ್ದವು.

ರೂಲ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕುತೂಹಲದ ಸಂಗತಿಯಿದೆ. ದೂರು ಕೊಟ್ಟು ಸೋತವರು ಕೂಡ, ದೂರನ್ನೇ ಕೊಡದವರಿಗಿಂತ ಹೆಚ್ಚಾಗಿ ಮತ್ತೆ ಖರೀದಿಗೆ ಬಂದಿದ್ದರು. ಬಾರದೆ ದೂರವಾದವರು ತೀರ್ಪಿಗಾಗಿ 6 ವಾರಕ್ಕಿಂತ ಹೆಚ್ಚು ಕಾದವರು. ಜನರಿಗೆ ಸೋಲಿಗಿಂತ ವಿಳಂಬವೇ ಹೆಚ್ಚು ನೋವು ಕೊಡುತ್ತದೆ ಎಂದಾಯಿತು. ಧೂಳು ಕಾಲಿನ ವರ್ತಕರು ಬಲ್ಲ ವಿಷಯವೇ ಇದು.

ನಡುವೆ ನಿಂತ ಪೆಟ್ಟಿಗೆ

ಚೀನಾದಲ್ಲಿ ಹಣದ ಪ್ರಶ್ನೆಯೇ ಮೊದಲು ಎದುರಾಯಿತು. 2003ರಲ್ಲಿ ಅಲಿಬಾಬಾ ಸಂಸ್ಥೆ ಆರಂಭಿಸಿದ 'ತಾವ್‌ಬಾವ್' ಮಾರುಕಟ್ಟೆಗೆ ಜನ ಬಂದು ನೋಡುತ್ತಿದ್ದರು, ಕೊಳ್ಳಲು ಹೆದರುತ್ತಿದ್ದರು. ಅದೇ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿದ್ದ ಒಬ್ಬರು ಹಳೆಯ ಕ್ಯಾಮೆರಾವೊಂದನ್ನು 750 ಯುವಾನ್‌ಗೆ ಮಾರಾಟಕ್ಕಿಟ್ಟರು. ಕೊಳ್ಳಲು ಮುಂದಾದದ್ದು ಷಿಯಾನ್ ನಗರದ ಒಬ್ಬ ವಿದ್ಯಾರ್ಥಿ. ಇಬ್ಬರಿಗೂ ಪರಸ್ಪರ ನಂಬಿಕೆಯಿಲ್ಲ. ಆಗ ಮಾರುಕಟ್ಟೆಯೇ ಹಣವನ್ನು ಇಟ್ಟುಕೊಂಡು, ಕ್ಯಾಮೆರಾ ಕೈಸೇರಿತು ಎಂದು ವಿದ್ಯಾರ್ಥಿ ಹೇಳಿದ ಮೇಲೆ ಮಾರಿದವರಿಗೆ ಕೊಟ್ಟಿತು. 'ಅಲಿಪೇ' ಹುಟ್ಟಿದ್ದು ಹೀಗೆ. ಹೀಗೆ ಮೂರನೆಯವರ ಬಳಿ ಹಣ ನಿಲ್ಲಿಸುವುದಕ್ಕೆ ಎಸ್ಕ್ರೊ ಎಂದು ಹೆಸರು.

ಹಣ ಹಿಡಿದವರ ತೀರ್ಪನ್ನೂ ಜನ ಅನುಮಾನಿಸುವುದು ಸಹಜ. ತಾವ್‌ಬಾವ್ 2012ರಲ್ಲಿ ಕೆಲವು ವ್ಯಾಜ್ಯಗಳನ್ನು ಅನುಭವಿ ಬಳಕೆದಾರರ ಮತಕ್ಕೆ ಬಿಡತೊಡಗಿತು. ಹಳೆಯ ಸಾಮಾನುಗಳ 'ಷಿಯಾನ್‌ಯು' ಮಾರುಕಟ್ಟೆಯಲ್ಲಿ ಇಂಥ ಪಂಚರು 17 ಮಂದಿ. ಚಿತ್ರಗಳನ್ನೂ ಮಾತುಕತೆಯ ದಾಖಲೆಯನ್ನೂ ನೋಡಿ ಮತ ಹಾಕುತ್ತಾರೆ. ಮೊದಲು 9 ಮತ ಪಡೆದವರು ಗೆದ್ದಂತೆ.

ಇದಕ್ಕೆ ವಿರುದ್ಧವಾದ ಅನುಭವ ಯುರೋಪಿನದು. ಯುರೋಪಿಯನ್ ಒಕ್ಕೂಟ 2016ರಲ್ಲಿ ತನ್ನದೇ ವ್ಯಾಜ್ಯ ಜಾಲತಾಣ ತೆರೆಯಿತು. ವರ್ಷಕ್ಕೆ ಲಕ್ಷಗಟ್ಟಲೆ ಜನ ಬಂದು ನೋಡಿದರೂ ಮಧ್ಯಸ್ಥಿಕೆಯವರೆಗೆ ಹೋದದ್ದು ಸುಮಾರು 200 ಪ್ರಕರಣಗಳು ಮಾತ್ರ. ಬಹುತೇಕ ವರ್ತಕರು ಉತ್ತರವನ್ನೇ ಕೊಡಲಿಲ್ಲ. 2025ರ ಜುಲೈ 20ರಂದು ಅದನ್ನು ಮುಚ್ಚಲಾಯಿತು. ಸರ್ಕಾರದ ಮುದ್ರೆ ಇತ್ತು, ಆದರೆ ಹಣ ಅದರ ಕೈಯಲ್ಲಿರಲಿಲ್ಲ.

ನಮ್ಮಲ್ಲಿ ಹೇಗೆ?

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ 'ಕ್ಯಾಷ್ ಆನ್ ಡೆಲಿವರಿ' ತಂದಿತು. ಕಾರ್ಡ್ ಇಲ್ಲದ, ಇದ್ದರೂ ನಂಬದ ಜನರಿಗೆ ಇದು ಹಿಡಿಸಿತು. ನೋಡಿದರೆ ಇದು ವಿ.ಪಿ.ಪಿ.ಯ ಮರುಹುಟ್ಟೇ. ಹಳೆಯ ತೊಡಕೂ ಜೊತೆಗೇ ಬಂತು. ಹಣ ಕೊಟ್ಟ ಮೇಲೆ ಪೊಟ್ಟಣ ಬಿಚ್ಚಬೇಕು. ಬೆಲೆಬಾಳುವ ವಸ್ತುಗಳನ್ನು ತಂದವರೆದುರೇ ತೆರೆದು ನೋಡುವ 'ಓಪನ್ ಬಾಕ್ಸ್' ಪದ್ಧತಿ ಈ ತೊಡಕಿಗೆ ಕಂಡುಕೊಂಡ ಮದ್ದು.

ಮುಂಗಡ ಕಟ್ಟಿದ ಹಣವೂ ಮಾರಿದವರಿಗೆ ಸಾಮಾನ್ಯವಾಗಿ ಕೂಡಲೇ ಸೇರುವುದಿಲ್ಲ. ಇಂಥ ಪಾವತಿ ಮಧ್ಯವರ್ತಿಗಳು ಹಣವನ್ನು ಸ್ವಂತ ಹಣದೊಂದಿಗೆ ಬೆರೆಸದೆ ವಾಣಿಜ್ಯ ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿಡಬೇಕು ಎಂದು ರಿಸರ್ವ್ ಬ್ಯಾಂಕ್ 2020ರ ಮಾರ್ಗಸೂಚಿಯಲ್ಲಿ ಹೇಳಿತು. ಆದರೆ ವ್ಯಾಜ್ಯದಲ್ಲಿ ಹಣ ಯಾವ ಕಡೆ ಹೋಗಬೇಕೆಂದು ಮೊದಲು ಹೇಳುವುದು ಮಾರುಕಟ್ಟೆಯೇ. ಗಿರಾಕಿ ಮತ್ತೆ ಬರಬೇಕೆಂಬ ಆಸೆ ಅದಕ್ಕಿದೆ. ಹಾಗಾಗಿ ಸಣ್ಣ ಮೊತ್ತದ ತಕರಾರಿನಲ್ಲಿ ತೂಕ ಕೊಂಡವರ ಕಡೆಗೆ ವಾಲುವುದುಂಟು. ಮನೆಯಲ್ಲೇ ಉಪ್ಪಿನಕಾಯಿ, ಕೈಮಗ್ಗದ ಬಟ್ಟೆ ಮಾರುವ ಸಣ್ಣ ವ್ಯಾಪಾರಿಗೆ ಎರಡು ಸುಳ್ಳು ರಿಟರ್ನ್ ಬಂದರೆ ತಿಂಗಳ ಲಾಭ ಹೋದಂತೆ. ಪೊಟ್ಟಣ ಕಟ್ಟುವಾಗ ವಿಡಿಯೊ ತೆಗೆದಿಡುವ ರೂಢಿ ಬಂದಿರುವುದು ಈ ಭಯದಿಂದಲೇ.

ಇನ್ನೊಂದೆಡೆ ದೊಡ್ಡ ಮೊತ್ತದ ವ್ಯಾಜ್ಯದಲ್ಲಿ 'ನಾವು ಬರೀ ಮಧ್ಯವರ್ತಿ, ಮಾರಿದವರನ್ನು ಕೇಳಿ' ಎಂಬ ಉತ್ತರ ಗ್ರಾಹಕರಿಗೆ ಸಿಗುವುದುಂಟು. ಈ ಜಾರಿಕೆಗೆ ಕಡಿವಾಣ ಹಾಕಿದ್ದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹಾಗೂ 2020ರ ಇ-ವಾಣಿಜ್ಯ ನಿಯಮಗಳು. ಪ್ರತಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ದೋಷವುಳ್ಳ ಅಥವಾ ವಿವರಣೆಗೆ ಹೊಂದದ ವಸ್ತುವನ್ನು ವಾಪಸು ಪಡೆಯಲು ಮಾರಿದವರು ನಿರಾಕರಿಸುವಂತಿಲ್ಲ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ ದೋಷವುಳ್ಳ ವಸ್ತುವಿನ ಹಣ 30 ದಿನಗಳಲ್ಲಿ ಮರಳಬೇಕು.

ಇಲ್ಲೊಂದು ಮಹತ್ವದ ಬದಲಾವಣೆಯೂ ಇದೆ. 1986ರ ಹಳೆಯ ಕಾಯಿದೆಯಲ್ಲಿ ದೂರುದಾರರು ತಮ್ಮ ಊರಿನಲ್ಲಿದ್ದಾರೆ ಎಂಬ ಕಾರಣಕ್ಕೇ ಅಲ್ಲಿ ದೂರು ಕೊಡುವಂತಿರಲಿಲ್ಲ. ಎದುರು ಪಕ್ಷ ಎಲ್ಲಿದೆ, ತಕರಾರಿನ ಕಾರಣ ಎಲ್ಲಿ ಹುಟ್ಟಿತು ಎಂದು ನೋಡಬೇಕಿತ್ತು. ಈಗ ಬೀದರಿನವರು ಬೀದರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. 2025ರ ಜನವರಿ 1ರಂದು ಆರಂಭವಾದ 'ಇ-ಜಾಗೃತಿ' ಜಾಲತಾಣದ ಮೂಲಕವೂ ಸಲ್ಲಿಸಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಹಲವು ತಕರಾರುಗಳು ಅಲ್ಲೇ ಬಗೆಹರಿಯುವುದುಂಟು. ವಸ್ತುವಿನ ಪರೀಕ್ಷೆ ಬೇಡದ ಪ್ರಕರಣವನ್ನು, ಎದುರು ಪಕ್ಷಕ್ಕೆ ನೋಟಿಸ್ ತಲುಪಿದ 3 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೇ ಸಾಮಾನ್ಯ. 800 ರೂಪಾಯಿಯ ಮಿಕ್ಸರ್ ಜಾರಿಗಾಗಿ ಅಷ್ಟು ಅಲೆಯುವವರು ಕಡಿಮೆ. ಆದ್ದರಿಂದ ಬಹುಪಾಲು ಜನರಿಗೆ ಮಾರುಕಟ್ಟೆಯ ತೀರ್ಪೇ ಕೊನೆಯ ತೀರ್ಪಾಗಿ ಉಳಿಯುತ್ತದೆ.

ಈ ತೀರ್ಪೂ ಸಿಗದ ಜಾಗವೊಂದಿದೆ. ಚಿತ್ರ ನೋಡಿ ಮೆಚ್ಚಿ, ಗುರುತಿಲ್ಲದವರ ಮೊಬೈಲ್ ಸಂಖ್ಯೆಗೆ ನೇರವಾಗಿ ಹಣ ಕಳುಹಿಸುವ ವ್ಯಾಪಾರ ದಿನೇದಿನೇ ಬೆಳೆಯುತ್ತಿದೆ. ಅಲ್ಲಿ ಹಣ ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಜಾತ್ರೆಯ ಪಂಚರಿಲ್ಲ, ಪೋಸ್ಟ್‌ಮನ್ ಇಲ್ಲ, ಎಸ್ಕ್ರೊ ಇಲ್ಲ. ಇಸಕೊಂಡವರು ಒಳ್ಳೆಯವರಾಗಿದ್ದರೆ ಸರಿ, ಇಲ್ಲವಾದರೆ ಗಾದೆಯ ಮಾತು ನಿಜವಾಗುತ್ತದೆ. ಹಣ ಕಳುಹಿಸುವ ಮುನ್ನ 'ತಕರಾರು ಬಂದರೆ ಇದನ್ನು ತಡೆದು ಹಿಡಿಯುವವರು ಯಾರಾದರೂ ಇದ್ದಾರೆಯೇ?' ಎಂದು ಒಮ್ಮೆ ಕೇಳಿಕೊಳ್ಳುವುದು, ಶತಮಾನಗಳ ಈ ಅನುಭವ ಗ್ರಾಹಕರಿಗೆ ಹೇಳಿಕೊಡುವ ಸರಳ ಬುದ್ಧಿ.