ಸೊಸೆಗೆ ಏನು ಹೇಳಿಕೊಟ್ಟಿರಿ?

ಯಾವ ಮನೆಗೆ ಹೋದರೂ ಜೇಬಿನಿಂದ ಟೆಸ್ಟರ್ ತೆಗೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. "ಮನೆಗೆ ಸೊಸೆ ಬಂದಾಗ ಕರೆಂಟಿನ ವಿಷಯದಲ್ಲಿ ಏನೇನು ಹೇಳಿಕೊಟ್ಟಿರಿ?" ಮೊದಲು ನಗುತ್ತಾರೆ. ಆಮೇಲೆ ಒಂದೊಂದಾಗಿ ಹೊರಬರುತ್ತದೆ. ಗೀಸರ್ ಹಾಕಿದಾಗ ಮಿಕ್ಸಿ ತಿರುಗಿಸಬೇಡ. ನಡುಮನೆ ಫ್ಯಾನಿನ ಸ್ವಿಚ್ ಒತ್ತಿದ ಮೇಲೆ ಪಕ್ಕದಲ್ಲಿ ಒಂದೇಟು ತಟ್ಟು. ಮಳೆ ಹಿಡಿದರೆ ಹಿತ್ತಲ ನಲ್ಲಿಯನ್ನು ಬರಿಗಾಲಲ್ಲಿ ತಿರುಗಿಸಬೇಡ. ಹಬ್ಬದ ದಿನ ಇಡ್ಲಿಗೆ ನೆನೆಹಾಕುವುದು ಹೇಗೋ ಹಾಗೆ ಇವೂ ಆ ಮನೆಯ ಪದ್ಧತಿಗಳೇ ಆಗಿಬಿಟ್ಟಿರುತ್ತವೆ. ನನ್ನ ಮಟ್ಟಿಗೆ ಅಷ್ಟು ಕೇಳಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಹುಣಸೂರಿನಲ್ಲಿ ವೈರಿಂಗ್ ಕೆಲಸ ಹಿಡಿದು ಮೂವತ್ತೊಂದು ವರ್ಷವಾಯಿತು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಗೂ ಬೈಕಿನಲ್ಲಿ ಓಡಾಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು "ಲೈಟ್ ಬತ್ತಾ ಇಲ್ಲ" ಎಂಬವು. ಉರಿಯದ ಲೈಟಿನಿಂದ ಯಾರಿಗೂ ಅಷ್ಟಾಗಿ ಅಪಾಯವಿಲ್ಲ. "ಲೈಟ್ ಬತ್ತಾ ಅದೆ, ಆದ್ರೂ ಬಂದು ಒಂದ್ಸಲ ನೋಡು" ಎಂದು ಕರೆದವರನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು.

ಕೆ.ಆರ್. ನಗರದ ಭೇರ್ಯ ಕಡೆಯ ಒಂದು ಮನೆ. ಕರೆದದ್ದು ಫ್ಯಾನ್ ಹಾಕಲು. ಅಡುಗೆಮನೆಯಲ್ಲಿ ಫ್ರಿಡ್ಜ್ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ ಇತ್ತು. ದೇವರ ಗೂಡು ಅಲ್ಲೇ ಇದೆ, ಅಂಥ ಅಡುಗೆಮನೆಯಲ್ಲಿ ಚಪ್ಪಲಿ! ಕೇಳಿದೆ. ಮನೆಯ ಹಿರಿಯಮ್ಮ, "ಏನಿಲ್ಲ ಕಣಪ್ಪ, ಫ್ರಿಡ್ಜ್ ಮುಟ್ಟಿದ್ರೆ ಸುಮ್ನೆ ಜುಮ್ ಅಂತದೆ. ಚಪ್ಲಿ ಮೆಟ್ಕಂಡು ತೆಗುದ್ರೆ ಏನೂ ಆಗಕಿಲ್ಲ" ಎಂದರು. ಎಷ್ಟು ದಿನದಿಂದ? "ವರಾಂಡಕ್ಕೆ ಕಲ್ಲು ಹಾಕ್ಸಿದ್ ವರ್ಸದಿಂದ."

ಆ "ಸುಮ್ನೆ ಜುಮ್" ಎಂಬುದರ ಲೆಕ್ಕ ಹೇಳುತ್ತೇನೆ. ನಮ್ಮ ಮನೆಗೆ ಬರುವುದು 230 ವೋಲ್ಟ್. ಮೈಯಲ್ಲಿ ಸುಮಾರು 1 ಮಿಲಿಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. ಹತ್ತು ದಾಟಿದರೆ ಸ್ನಾಯು ಬಿಗಿದು, ಹಿಡಿದ ಕೈಯನ್ನು ನಾವಾಗಿ ಬಿಡಿಸಿಕೊಳ್ಳುವುದು ಕಷ್ಟ. ಮೂವತ್ತು ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರಿಗೆ, ಹೃದಯಕ್ಕೆ ಕುತ್ತು. ನಿಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬೇ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ. ಅಂದರೆ ಒಂದು ಬಲ್ಬಿಗೆ ಸಾಲದಷ್ಟು ಕರೆಂಟು ಮನುಷ್ಯನಿಗೆ ಸಾಕು. ಒಣ ನೆಲ, ರಬ್ಬರ್ ಚಪ್ಪಲಿ ಇದ್ದಾಗ ಜುಮ್ ಎಂದದ್ದು, ನೆಲ ಒರೆಸಿದ ದಿನ ಬರಿಗಾಲಲ್ಲಿ ಜುಮ್ ಎಂದು ಬಿಡುವುದಿಲ್ಲ.

ಅಲ್ಲಿ ಆಗಿದ್ದದ್ದು ಇಷ್ಟು. ಫ್ರಿಡ್ಜಿನ ಹಿಂದೆ ಒಂದು ವೈರು ಉಜ್ಜಿ ಸವೆದು ತಗಡಿಗೆ ತಾಗುತ್ತಿತ್ತು. ನಾವು ಇದಕ್ಕೆ "ಅರ್ತ್ ಆಗಿದೆ" ಎನ್ನುತ್ತೇವೆ. ಹಾಗಾದಾಗ ಕರೆಂಟು ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ನಿನ ಮೂಲಕ ಮಣ್ಣಿಗೆ ಇಳಿದುಹೋಗಬೇಕು. ಆ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೂ ಅದಕ್ಕೇ, ಎಲ್ಲಕ್ಕಿಂತ ಮೊದಲು ಅರ್ತ್ ಕೂಡಲಿ ಎಂದು. ಪಿನ್ನು ಸರಿಯಾಗಿಯೇ ಇತ್ತು, ಹಸಿರು ವೈರೂ ಇತ್ತು. ಆದರೆ ವರಾಂಡಕ್ಕೆ ಗ್ರಾನೈಟ್ ಹಾಕುವಾಗ ಗೋಡೆಯಿಂದ ಹೊರಗಿಳಿದ ಅರ್ತ್ ತಂತಿಯನ್ನು ಗಾರೆಯವರು ಅಡ್ಡ ಬಂತೆಂದು ಕತ್ತರಿಸಿದ್ದರು. ಆ ತಂತಿ ಇಳಿಯುವ ಅರ್ತಿಂಗ್ ಗುಂಡಿಯೂ ಕಲ್ಲಿನ ಅಡಿ ಮುಚ್ಚಿಹೋಗಿತ್ತು. ಅರ್ತಿಂಗ್ ಗುಂಡಿ ಎಲ್ಲಿದೆ ಎಂದು ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಾದರೆ ಅದೊಂದೇ ಕಾರಣಕ್ಕೆ ಪರೀಕ್ಷೆ ಮಾಡಿಸಬಹುದು. ಗೊತ್ತಿದ್ದರೂ, ನಮ್ಮ ಕೆಮ್ಮಣ್ಣು ಮಾರ್ಚ್ ಏಪ್ರಿಲ್‌ನಲ್ಲಿ ಬಿರುಕು ಬಿಡುವಷ್ಟು ಒಣಗುತ್ತದೆ. ಒಣಗಿದ ಮಣ್ಣು ಕರೆಂಟನ್ನು ಸಲೀಸಾಗಿ ಇಳಿಸಿಕೊಳ್ಳುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಹೊಯ್ಯಿರಿ ಎಂದರೆ, ತುಳಸಿಗೆ ಹೊಯ್ಯುವವರೂ ಇದನ್ನು ಮರೆಯುತ್ತಾರೆ.

ಅದೇ ಕಡೆಯ ಗದ್ದೆ ಬಯಲಿನ ಹಳೇ ಮನೆಗಳಲ್ಲಿ ಗೋಡೆಯೇ ಹೊಡೆಯುವುದುಂಟು. ನಾಲೆಗೆ ನೀರು ಬಿಟ್ಟಾಗ ಗೋಡೆಗೆ ತೇವ ಏರಿ, ಒಳಗಿನ ಪೈಪಿಗೆ ನೀರಿಳಿದು, ಸ್ವಿಚ್ ಬೋರ್ಡಿನ ಸುತ್ತ ಬೆರಳಿಟ್ಟರೆ ಕಚಗುಳಿ ಇಟ್ಟಂತಾಗುತ್ತದೆ. ಬಟ್ಟೆ ಒಣಹಾಕುವ ತಂತಿಯದೂ ಅದೇ ಕಥೆ. ಸರ್ವಿಸ್ ವೈರನ್ನು ಹೊತ್ತ ಕಂಬಿಗೇ ತಂತಿಯ ಒಂದು ತುದಿ ಕಟ್ಟಿರುತ್ತಾರೆ. ದಯವಿಟ್ಟು ಪ್ಲಾಸ್ಟಿಕ್ ಹಗ್ಗ ಕಟ್ಟಿ.

ಹುಣಸೂರು ಕಡೆಯ ಪದ್ಧತಿ ಬೇರೆ. ಬಿಳಿಕೆರೆ ಹತ್ತಿರ ಒಬ್ಬರು ಹೆಮ್ಮೆಯಿಂದ ಹೇಳಿದರು, "ನಮ್ಮನೆ ಫ್ಯೂಸು ಎಂಟು ವರ್ಸದಿಂದ ಒಂದ್ಸಲವೂ ಹೋಗಿಲ್ಲ ಕಣಣ್ಣ." ಫ್ಯೂಸ್ ಕೂರುವ ಕಿಟ್‌ಕ್ಯಾಟ್ ಎಳೆದು ನೋಡಿದೆ. ಫ್ಯೂಸ್ ತಂತಿಯ ಜಾಗದಲ್ಲಿ ಬೇಲಿ ಕಟ್ಟುವ ತಂತಿ. ಅದು ಹೋಗುವುದಾದರೂ ಹೇಗೆ? ಫ್ಯೂಸ್ ಹುಟ್ಟಿರುವುದೇ ಸಾಯಲಿಕ್ಕೆ. ಎಳೆಯಬಾರದಷ್ಟು ಕರೆಂಟು ಎಳೆದಾಗ ತಾನು ಕರಗಿ ಗೋಡೆಯೊಳಗಿನ ವೈರನ್ನು ಉಳಿಸಬೇಕು. ಅದು ಕರಗದಿದ್ದರೆ ಗೋಡೆಯೊಳಗೆ, ಹೆಂಚಿನ ಅಡಿ, ಕಣ್ಣಿಗೆ ಕಾಣದ ಕಡೆ ಇನ್ನೊಂದು ಕರಗುತ್ತದೆ. ಫ್ಯೂಸಿನ ಬದಲು ಎಂಸಿಬಿ ಇರುವ ಹೊಸ ಮನೆಗಳಲ್ಲೂ ಇದೇ ಚಾಳಿ ಬೇರೆ ವೇಷದಲ್ಲಿದೆ. 16 ಆಂಪಿಯರಿನದು ಪದೇ ಪದೇ ಬೀಳುತ್ತದೆಂದು 32ರದು ಹಾಕಿಸಿಕೊಳ್ಳುತ್ತಾರೆ. ವೈರು ಮಾತ್ರ ಹಳೆಯದೇ.

ಲೆಕ್ಕ ಸುಲಭ. ವ್ಯಾಟನ್ನು 230ರಿಂದ ಭಾಗಿಸಿ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನದು 13. ಮೊಬೈಲ್ ಚಾರ್ಜಿಗೂ ಟಿವಿಗೂ ಇಟ್ಟ ಸಣ್ಣ ಸಾಕೆಟ್ಟಿನ ಶಕ್ತಿ 6. ಅದಕ್ಕೆ ಇಂಡಕ್ಷನ್ ಒಲೆ ಸಿಕ್ಕಿಸಿ ಪಾಯಸ ಮಾಡಿದರೆ ಪಾಯಸದ ಜೊತೆ ಸಾಕೆಟ್ಟೂ ಬೇಯುತ್ತದೆ. ನಾನು ಕಲಿಯುವಾಗ ಲೈಟಿಗೆ 1/18ರ ವೈರ್ ಎಳೆಯುತ್ತಿದ್ದೆವು, ಅಂದರೆ ಹತ್ತಿರಹತ್ತಿರ 1 ಚದರ ಮಿಲಿಮೀಟರ್. ಈಗ ಲೈಟಿಗೆ 1.5, ದೊಡ್ಡ ಸಾಕೆಟ್ಟಿಗೆ 2.5, ಗೀಸರಿಗೆ 4ರದು ಹಾಕುತ್ತೇವೆ. 1990ರ ಸುಮಾರಿಗೆ ಕಟ್ಟಿದ ಮನೆಗೆ ಈಗಿನ ಸಾಮಾನು ಬಂದಿದೆ, ವೈರ್ ಬಂದಿಲ್ಲ. ಅಂಥ ಮನೆಯಲ್ಲಿ ಪ್ಲಗ್ ಕಿತ್ತಾಗ ಪಿನ್ನು ಬಿಸಿ ಇದ್ದರೆ, ಸಾಕೆಟ್ಟಿನ ಬಾಯಿ ಕಂದು ತಿರುಗಿದ್ದರೆ, ಕಿವಿಯಿಟ್ಟಾಗ ಬೋರ್ಡಿನೊಳಗೆ ಚರಚರ ಸದ್ದಿದ್ದರೆ ಆ ಸಾಕೆಟ್ಟನ್ನು ಅಂದೇ ಬಿಡಿ.

ವಾಸನೆಯ ಬಗ್ಗೆ ಒಂದು ಮಾತು. ಬಿಸಿಯಾದ ಸ್ವಿಚ್ಚು, ಸಾಕೆಟ್ಟುಗಳ ಪ್ಲಾಸ್ಟಿಕ್ಕು ಎಷ್ಟೋ ಸಲ ಸುಟ್ಟ ವಾಸನೆ ಕೊಡುವ ಮೊದಲು ಮೀನಿನ ವಾಸನೆ ಕೊಡುತ್ತದೆ. ಮೀನು ಬೇಯಿಸದ ಮನೆಯವರೊಬ್ಬರು ತಿಂಗಳುಗಟ್ಟಲೆ ಪಕ್ಕದ ಮನೆಯವರ ಮೇಲೆ ಮುನಿಸಿಕೊಂಡು, ಊದುಬತ್ತಿ ಹಚ್ಚಿ ಕಳೆದಿದ್ದರು. ವಾಸನೆ ಬರುತ್ತಿದ್ದದ್ದು ಅವರದೇ ಬಚ್ಚಲಿನ ಗೀಸರ್ ಸ್ವಿಚ್ಚಿನಿಂದ.

ನಮ್ಮ ಸೀಮೆಗೇ ವಿಶೇಷವಾದದ್ದು ಹೊಗೆಸೊಪ್ಪು ಒಣಗಿಸುವ ಬ್ಯಾರನ್. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಹೊಗೆಸೊಪ್ಪಿನ ಹರಾಜು ಕಟ್ಟೆ ಇರುವ ಕಡೆಯೆಲ್ಲ ಹೊಲಕ್ಕೊಂದು ಬ್ಯಾರನ್. ಐದಾರು ದಿನ ಹಗಲೂ ರಾತ್ರಿ ಸೌದೆ ಉರಿಸಿ ಸೊಪ್ಪು ಹದ ಮಾಡುತ್ತಾರೆ. 35 ಡಿಗ್ರಿಯ ಆಸುಪಾಸಿನಲ್ಲಿ ಶುರುವಾಗಿ, ಕೊನೆಗೆ ಎಲೆಯ ನಡುದಂಟು ಒಣಗಿಸುವಾಗ ಒಳಗೆ ಹೆಚ್ಚುಕಮ್ಮಿ 70 ಡಿಗ್ರಿ. ನಾವು ಅಂಗಡಿಯಿಂದ ತರುವ ಸಾಮಾನ್ಯ ಪಿವಿಸಿ ವೈರು ತಾಳುವ ಮಿತಿಯೂ 70 ಡಿಗ್ರಿಯೇ, ಅದೂ ತನ್ನ ಕರೆಂಟಿನ ಬಿಸಿಯನ್ನೂ ಸೇರಿಸಿ. ಥರ್ಮಾಮೀಟರ್ ನೋಡಲೆಂದು ಬ್ಯಾರನ್ ಗೋಡೆಗೆ ಎಳೆದ ಬಲ್ಬಿನ ವೈರು ಎರಡು ಮೂರು ಹಂಗಾಮಿಗೆ ಹಪ್ಪಳವಾಗುತ್ತದೆ. ಬಗ್ಗಿಸಿದರೆ ಪುಡಿ. ಒಳಗೆ ಕಾಗದದಂತೆ ಒಣಗಿದ ಸೊಪ್ಪು. ಬ್ಯಾರನ್‌ಗೆ ಬೆಂಕಿ ಬಿದ್ದರೆ ಎಲ್ಲರೂ ಒಳಗಿನ ಬಿಸಿ ಕೊಳವೆ ಮೇಲೆ ಬಿದ್ದ ಎಲೆಯನ್ನು ದೂರುತ್ತಾರೆ. ಬಹಳ ಸಲ ಅದು ನಿಜವೂ ಹೌದು. ಆದರೂ ಜೂನ್‌ನಲ್ಲಿ, ಮೊದಲ ಉರಿ ಹಾಕುವ ಮುಂಚೆ, ಆ ವೈರನ್ನು ಬಗ್ಗಿಸಿ ನೋಡಿ. ನೋಡುವ ಮೊದಲು ಮೇನ್ ಇಳಿಸಿ.

ಪಿರಿಯಾಪಟ್ಟಣದ ಬೆಟ್ಟದಪುರ, ರಾವಂದೂರು ಕಡೆ ಇನ್ನೂ ಮರದ ಪಟ್ಟಿಯ ಮೇಲೆ ಎಳೆದ ವೈರಿಂಗ್ ಉಳಿದಿರುವ ಹೆಂಚಿನ ಮನೆಗಳಿವೆ. ಹತ್ತಿಯ ಹೊದಿಕೆಯ ರಬ್ಬರ್ ವೈರು, ಮುಟ್ಟಿದರೆ ಉದುರುತ್ತದೆ. ಇಲಿಗಳಂತೂ ಅದನ್ನು ಬಿಡುವುದಿಲ್ಲ. ಅಲ್ಲಿ ರಿಪೇರಿಯ ಮಾತಿಲ್ಲ, ಪೂರ್ತಿ ಬದಲಿಸಬೇಕು. ಆ ಕಡೆಯಿಂದ ಬರುವ ಇನ್ನೊಂದು ದೂರು, "ಒಂದು ಮನೇಲಿ ಲೈಟ್ ಕಣ್ಣು ಕುಕ್ಕುತ್ತೆ, ಪಕ್ಕದ ಮನೇಲಿ ಮಿಣಮಿಣ." ಇದನ್ನು ಕೇಳಿದರೆ ನಾನು ಹೊರಡುವ ಮೊದಲೇ ಫೋನಿನಲ್ಲಿ ಮೇನ್ ಇಳಿಸಲು ಹೇಳುತ್ತೇನೆ. ಅದು ಕಂಬದಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ನ್ಯೂಟ್ರಲ್ ಸಡಿಲಾದ ಲಕ್ಷಣ. ಹಾಗಾದಾಗ 230 ಇರಬೇಕಾದ ಕಡೆ 300 ದಾಟಿ, 400ರ ಹತ್ತಿರಕ್ಕೂ ವೋಲ್ಟೇಜ್ ಏರಬಹುದು. ಅದು ನನ್ನ ಕೆಲಸವಲ್ಲ, 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿಯಾದ ಸೆಸ್ಕ್‌ನವರನ್ನು ಕರೆಯಬೇಕು. ಕಂಬ ಹತ್ತುವ ಹುಡುಗ ನಮ್ಮೂರಲ್ಲೇ ಇದ್ದಾನೆ ಎನ್ನುವವರಿದ್ದಾರೆ. ಅವನ ತಾಯಿಯನ್ನು ಒಂದು ಸಲ ಕೇಳಿ.

ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಒಂದೇ ಬಲ್ಬಿಗೆಂದು ಕೊಟ್ಟ ಭಾಗ್ಯಜ್ಯೋತಿ ಸಂಪರ್ಕದಲ್ಲಿ ಈಗ ಟಿವಿ, ಮಿಕ್ಸಿ, ನಾಲ್ಕು ಮೊಬೈಲು. ಎಲ್ಲವೂ ಆ ಬಲ್ಬ್ ಹೋಲ್ಡರಿಗೇ ಸಿಕ್ಕಿಸಿದ ಪ್ಲಗ್ಗಿನಿಂದ. ಅವರನ್ನು ಬೈದು ಫಲವಿಲ್ಲ, ವೈರಿಂಗಿಗೆ ಹಣವಿಲ್ಲದ ಮನೆಗಳು. ನನಗೆ ಹೆದರಿಕೆ ಹುಟ್ಟಿಸಿದ್ದು ಅಂತರಸಂತೆ ಕಡೆ ಅನುಕೂಲಸ್ಥರ ತೋಟದ ಮನೆಯೊಂದು. ಸಂಜೆ ವೋಲ್ಟೇಜ್ ಇಳಿಯುತ್ತದೆಂದು ನ್ಯೂಟ್ರಲ್ ಬಿಟ್ಟು, ಹಿತ್ತಲಲ್ಲಿ ಕಬ್ಬಿಣದ ಸಲಾಕೆ ಹೂತು ಅದಕ್ಕೆ ವೈರ್ ಕೊಟ್ಟಿದ್ದರು. ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಸಲಾಕೆಯ ಸುತ್ತಲ ನೆಲಕ್ಕೂ ಕರೆಂಟು ಹರಡಿತ್ತು. ನನ್ನನ್ನು ಕರೆದದ್ದು ಅಲ್ಲಿ ಮೇಯುತ್ತಿದ್ದ ಆಡು ಸತ್ತ ಮೇಲೆ.

2023ರ ಜುಲೈ ಬಳಕೆಯಿಂದ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂತು. ಶುರುವಿನಲ್ಲಿ ನಿಯಮ ಹೀಗಿತ್ತು: ತಿಂಗಳಿಗೆ 200 ಯೂನಿಟ್ ಮೀರದಂತೆ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ 10ರಷ್ಟು ಸೇರಿಸಿ ಉಚಿತ. ನನ್ನ ಮನೆಗೂ ಸೊನ್ನೆ ಬಿಲ್ಲೇ ಬರುತ್ತದೆ, ಸಂತೋಷ. ಆದರೆ ಮೊದಲು ಬಿಲ್ಲು ಏಕಾಏಕಿ ಏರಿದರೆ ಜನ ನನ್ನನ್ನು ಬೈದಾದರೂ ಕರೆಯುತ್ತಿದ್ದರು, ಹಾಗೆ ಎಷ್ಟೋ ಲೀಕೇಜು ಸಿಕ್ಕಿದ್ದುಂಟು. ಈಗ ಬಿಲ್ಲನ್ನು ಯಾರೂ ಬಿಡಿಸಿಯೂ ನೋಡುವುದಿಲ್ಲ. ಮೊತ್ತ ಬಿಟ್ಟು ಯೂನಿಟ್ ನೋಡಿ. ಅನುಮಾನ ಬಂದರೆ ಮೇನ್ ಆನ್ ಇಟ್ಟು, ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಮೀಟರಿನ ಕೆಂಪು ದೀಪದ ಮುಂದೆ ಹತ್ತು ನಿಮಿಷ ನಿಲ್ಲಿ. ಆಗಲೂ ಮಿಟುಕುತ್ತಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ.

ಕರೆಯುವುದು ಯಾರನ್ನು? ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಲ್ಲಿ ಪರ್ಮಿಟ್ ಪಡೆದ ವೈರ್‌ಮನ್‌ಗಳು, ಲೈಸೆನ್ಸ್ ಇರುವ ಗುತ್ತಿಗೆದಾರರು ಇದ್ದಾರೆ. ಕೇಳಿದರೆ ತೋರಿಸಬೇಕು, ಕೇಳಲು ನಾಚಿಕೆ ಬೇಡ. ಬಂದವರ ಚೀಲದಲ್ಲಿ ಮೆಗ್ಗರ್ ಇದೆಯೇ ನೋಡಿ. ಅದು ವೈರಿಗೆ 500 ವೋಲ್ಟ್ ಕೊಟ್ಟು, ಹೊದಿಕೆ ಎಷ್ಟು ಗಟ್ಟಿ ಇದೆ ಎಂದು ಅಳೆಯುತ್ತದೆ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ವೈರಿಂಗ್ ಸೋತಿದೆ ಎಂದೇ ನಾವು ಕಲಿತದ್ದು. ಬರೀ ಟೆಸ್ಟರ್ ಚುಚ್ಚಿ "ಎಲ್ಲ ಸರಿ ಅದೆ" ಎಂದವರಿಗೆ ಟೀ ಕೊಟ್ಟು ಕಳಿಸಿ. ಇನ್ವರ್ಟರ್ ಇದ್ದರೆ ಮೊದಲೇ ಹೇಳಿ, ಮೇನ್ ಇಳಿಸಿದರೂ ಆ ಲೈನಿನಲ್ಲಿ ಕರೆಂಟು ಇರುತ್ತದೆ. ನನ್ನ ಎಡಗೈ ತೋರುಬೆರಳಿನ ಕಲೆ ಹಾಗೆ ಹೇಳದವರ ಮನೆಯದು. ಕೇಳದೆ ಕೈಹಾಕಿದ ತಪ್ಪು ನನ್ನದೂ ಹೌದು.

ಆರ್‌ಸಿಸಿಬಿ ಹಾಕಿಸಿಕೊಳ್ಳಿ, 30 ಮಿಲಿಆಂಪಿಯರಿನದು. ಎಂಸಿಬಿಗೆ 16 ಆಂಪಿಯರ್, ಅಂದರೆ 16,000 ಮಿಲಿಆಂಪಿಯರ್ ದಾಟಿದರೇನೇ ಎಚ್ಚರ. ಮನುಷ್ಯನ ಮೈಯಲ್ಲಿ ಹರಿಯುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟು ವಾಪಸು ಬಂತೇ ಎಂದು ಲೆಕ್ಕ ಹಾಕಿ, ವ್ಯತ್ಯಾಸ ಕಂಡರೆ ಅರೆಕ್ಷಣದಲ್ಲಿ ಬಿದ್ದುಬಿಡುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅದು ಬರೀ ಅಲಂಕಾರ. ಪದೇ ಪದೇ ಬೀಳುತ್ತದೆಂದು ತೆಗೆಸಿ ನೇರ ವೈರ್ ಕೊಡಿಸಿಕೊಂಡವರನ್ನೂ ಕಂಡಿದ್ದೇನೆ, ನಾಯಿ ಬೊಗಳುತ್ತದೆಂದು ನಾಯಿಯನ್ನೇ ಓಡಿಸಿದ ಹಾಗೆ.

ಭೇರ್ಯದ ಆ ಮನೆಯಲ್ಲಿ ಹಿತ್ತಲಿಗೆ ಹೊಸ ಗುಂಡಿ ತೆಗೆಸಿ, ಪೈಪು ಇಳಿಸಿ, ಫ್ರಿಡ್ಜಿನ ವೈರು ಬದಲಿಸಿ, ಆರ್‌ಸಿಸಿಬಿ ಕೂರಿಸಿದೆ. ಎರಡು ದಿನದ ಕೆಲಸ. ಮೊನ್ನೆ ಆ ಕಡೆ ಹೋದಾಗ ಕಾಫಿಗೆ ಕರೆದರು. ಸೊಸೆ ಬರಿಗಾಲಲ್ಲೇ ಬಂದು ಫ್ರಿಡ್ಜ್ ತೆಗೆದು ಹಾಲು ತೆಗೆದುಕೊಂಡಳು. ಹಿರಿಯಮ್ಮ ಎದ್ದು ಹೋಗಿ, ಮೂಲೆಯಲ್ಲಿದ್ದ ಹವಾಯಿ ಚಪ್ಪಲಿ ಮೆಟ್ಟಿ, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡಿ ಬಂದರು.