ಜಪಾನಿನ ಸಮರಕಲೆಗಳಲ್ಲಿ ದೇಹಬಲದ ಸ್ಥಾನ

ಜೂಡೊ, ಕರಾಟೆಗಳ ಮಾತು ಬಂದಾಗ ನಮ್ಮ ಮಿತ್ರರಲ್ಲಿ ಎರಡು ಪಕ್ಷಗಳಾಗುವುದುಂಟು. ಅದೆಲ್ಲ ಉಪಾಯದ ವಿದ್ಯೆ, ಪಟ್ಟು ತಿಳಿದರೆ ಸಾಕು, ಸಣಕಲು ಮೈಯವನೂ ಭೀಮನಂಥವನನ್ನು ಕೆಡವಬಲ್ಲ ಎಂಬುದು ಒಂದು ಪಕ್ಷ. ಅದು ಬರಿಯ ಕಥೆ, ಕೊನೆಗೆ ಗೆಲ್ಲುವುದು ತೋಳಿನ ದಪ್ಪವೇ ಎಂಬುದು ಇನ್ನೊಂದು. ಈ ವಿದ್ಯೆಗಳನ್ನು ಕಟ್ಟಿ ಬೆಳೆಸಿದವರ ಬಾಳನ್ನು ನೋಡಿದರೆ ಎರಡು ಪಕ್ಷಗಳೂ ಅರ್ಧ ಸತ್ಯವನ್ನೇ ಹಿಡಿದುಕೊಂಡಿವೆಯೆಂದು ನನಗೆ ತೋರುತ್ತದೆ.

ಜೂಡೊ ವಿದ್ಯೆಯ ಜನಕರಾದ ಜಿಗೊರೊ ಕಾನೊ ಅವರು ಹುಟ್ಟಿದ್ದು 1860ರಲ್ಲಿ. ಎತ್ತರ ಐದಡಿ ಎರಡಂಗುಲದಷ್ಟೆ. ಓದಿನಲ್ಲಿ ಮುಂದು, ಮೈಕಟ್ಟಿನಲ್ಲಿ ಹಿಂದು. ವಿದ್ಯಾರ್ಥಿಯಾಗಿದ್ದಾಗ ಬಲಿಷ್ಠ ಸಹಪಾಠಿಗಳ ಕಾಟಕ್ಕೆ ಬೇಸತ್ತು ಜುಜುತ್ಸು ಕಲಿಯಬೇಕೆಂದು ಹೊರಟರು. ಆದರೆ 1868ರ ರಾಜ್ಯಪರಿವರ್ತನೆಯ ನಂತರ ಜಪಾನಿನಲ್ಲಿ ಹಳೆಯ ವಿದ್ಯೆಗಳನ್ನು ಕೇಳುವವರೇ ಇರಲಿಲ್ಲ. ಎಷ್ಟೋ ಮಂದಿ ಗುರುಗಳು ಮುರಿದ ಮೂಳೆ ಕಟ್ಟುತ್ತ ಹೊಟ್ಟೆ ಹೊರೆಯುತ್ತಿದ್ದರು. ಅಂಥ ಮೂಳೆ ಕಟ್ಟುವವರನ್ನೇ ವಿಚಾರಿಸುತ್ತ ಹೋಗಿ, 1877ರಲ್ಲಿ ಫುಕುದಾ ಎಂಬ ಗುರುಗಳನ್ನು ಅವರು ಕಂಡುಕೊಂಡರು.

ಅಲ್ಲಿ ಫುಕುಶಿಮಾ ಎಂಬ ಸ್ಥೂಲಕಾಯದ ಶಿಷ್ಯನೊಬ್ಬನಿದ್ದ. ಏನು ಮಾಡಿದರೂ ಕಾನೊ ಅವರಿಗೆ ಅವನನ್ನು ಕೆಡವಲಾಗಲಿಲ್ಲ. ಸುಮೊ ಕುಸ್ತಿಯ ಪಟ್ಟುಗಳನ್ನು ಪರೀಕ್ಷಿಸಿದರು. ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ತಿರುವಿದರು. ಎದುರಾಳಿಯ ಕೆಳಗೆ ತಗ್ಗಿ, ಅವನನ್ನು ಹೆಗಲ ಮೇಲೆ ಹೊತ್ತು ಆಚೆಗೆ ಉರುಳಿಸುವ ಒಂದು ಪಟ್ಟು ಅವರಿಗೆ ಸಿಕ್ಕಿತು. ಫುಕುಶಿಮಾ ನೆಲಕ್ಕೆ ಬಿದ್ದ. ಜೂಡೊದಲ್ಲಿ ಇದಕ್ಕೆ ‘ಕತಾ ಗುರುಮಾ’, ಅಂದರೆ ಹೆಗಲ ಚಕ್ರ, ಎಂದು ಹೆಸರು.

ಉಪಾಯದ ಪಕ್ಷದವರು ಈ ಕಥೆಯನ್ನು ಕೇಳಿ ಹಿಗ್ಗಬಹುದು. ಆದರೆ ಒಂದು ಮಾತನ್ನು ಗಮನಿಸಬೇಕು. ಪಟ್ಟು ಬಂದದ್ದು ಪುಸ್ತಕದಿಂದಲೇ ಇರಬಹುದು. ಅಷ್ಟು ದೊಡ್ಡ ಆಳನ್ನು ಹೊತ್ತು ಎದ್ದದ್ದು ಮಾತ್ರ ಕಾನೊ ಅವರ ಕಾಲುಗಳು. ಕಣದಿಂದ ಮನೆಗೆ ಭತ್ತದ ಮೂಟೆ ಸಾಗಿಸುವ ಕುಟುಂಬದಿಂದ ಬಂದ ನನಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೂಟೆ ಹೊರುವವರು ತೋಳಿನಿಂದ ಎತ್ತುವುದಿಲ್ಲ. ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು, ಭಾರದ ಕೆಳಗೆ ಸೊಂಟವನ್ನು ತಂದು, ಕಾಲುಬಲದಿಂದ ಏಳುತ್ತಾರೆ. ಅದು ಉಪಾಯವೇ ಸರಿ. ಆದರೆ ಕಾಲಿನಲ್ಲಿ ಕಸುವಿಲ್ಲದವನಿಗೆ ಆ ಉಪಾಯವನ್ನು ಹೇಳಿಕೊಟ್ಟು ಏನು ಪ್ರಯೋಜನ?

1882ರಲ್ಲಿ ಕಾನೊ ಅವರು ಟೋಕಿಯೊದ ಎಯಿಶೊಜಿ ಎಂಬ ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆ ಹಿಡಿಸುವಷ್ಟು ಜಾಗದಲ್ಲಿ, ‘ಕೊದೊಕಾನ್’ ಎಂಬ ತಮ್ಮ ಶಾಲೆಯನ್ನು ತೆರೆದರು. ತಮ್ಮ ತತ್ತ್ವವನ್ನು ಅವರು ಒಂದು ಲೆಕ್ಕದ ಮೂಲಕ ವಿವರಿಸುತ್ತಿದ್ದರು. ಎದುರಾಳಿಯ ಬಲ 10, ನನ್ನ ಬಲ 7 ಎಂದಿರಲಿ. ಅವನು ನೂಕಿದಾಗ ನಾನೂ ಎದುರು ನೂಕಿದರೆ ಸೋಲು ಖಂಡಿತ. ಅದರ ಬದಲು, ಅವನು ನೂಕಿದಷ್ಟೇ ನಾನು ಹಿಂದೆ ಸರಿದು, ನನ್ನ ಸಮತೋಲವನ್ನು ಕಾಪಾಡಿಕೊಂಡರೆ, ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ಆ ಕ್ಷಣಕ್ಕೆ ಅವನ ಬಲ 3ಕ್ಕೆ ಇಳಿಯುತ್ತದೆ. ನನ್ನ 7 ಹಾಗೆಯೇ ಉಳಿದಿದೆ. ಅದರಲ್ಲಿ ಅರ್ಧವನ್ನು ಖರ್ಚು ಮಾಡಿದರೂ ಅವನನ್ನು ಕೆಡವಬಹುದು.

ಲೆಕ್ಕ ಸೊಗಸಾಗಿದೆ. ಆದರೆ ಇದನ್ನು ಉದ್ಧರಿಸುವವರು ಬಹುಮಟ್ಟಿಗೆ ಆ 7ನ್ನು ಮರೆಯುತ್ತಾರೆ. ನನ್ನ ಬಲ 7ರ ಬದಲು 2 ಆಗಿದ್ದರೆ? ಅವನು ಮುಗ್ಗರಿಸಿದರೂ ನನ್ನಿಂದ ಕೆಡವಲಾಗದು. ಅದೂ ಅಲ್ಲದೆ, ನೂಕಿದಷ್ಟೇ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಸರಿಯುವುದಕ್ಕೆ ಗಟ್ಟಿಯಾದ ಕಾಲೂ ಸೊಂಟವೂ ಬೇಕು; ಉಸಿರು ಹತೋಟಿಯಲ್ಲಿರಬೇಕು. ಏದುಸಿರು ಬಿಡುತ್ತಿರುವವನಿಗೆ ಆ ಕ್ಷಣ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಮೆದುವಾದದ್ದು ಗಡುಸಾದದ್ದನ್ನು ಗೆಲ್ಲುತ್ತದೆಂಬ ಹಳೆಯ ಮಾತಿನಲ್ಲಿ ಮೆದು ಎಂದರೆ ದುರ್ಬಲ ಎಂದರ್ಥವಲ್ಲ, ಪಳಗಿದ್ದು ಎಂದರ್ಥ.

ಕಾನೊ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1889ರಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಅವರು ಜೂಡೊಗೆ ಮೂರು ಉದ್ದೇಶಗಳನ್ನು ಹೇಳಿದರು: ಶರೀರಶಿಕ್ಷಣ, ಕಾಳಗ, ಶೀಲ. ಶತ್ರುವನ್ನು ಕೆಡವುವುದೊಂದೇ ಗುರಿಯಾಗಿದ್ದ ಹಳೆಯ ವಿದ್ಯೆಯಲ್ಲಿ ದೇಹವು ಸಾಧನ ಮಾತ್ರವಾಗಿತ್ತು. ಕಾನೊ ಅವರು ಅದನ್ನು ಗುರಿಗಳಲ್ಲೊಂದನ್ನಾಗಿ ಮಾಡಿದರು. ಮುಂದೆ ಅವರು ಶಿಕ್ಷಕರ ಕಾಲೇಜೊಂದರ ಮುಖ್ಯಸ್ಥರೂ, 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸೇರಿದ ಮೊದಲ ಏಷ್ಯನ್ನರೂ ಆದರು. ವಿದ್ಯಾಭ್ಯಾಸದ ಅಂಗವಾಗಿ ಜೂಡೊ ನಮ್ಮ ದೇಶಕ್ಕೂ ಬಂದಿತು. 1929ರಲ್ಲಿ ರವೀಂದ್ರನಾಥ ಠಾಕೂರರ ಆಹ್ವಾನದ ಮೇಲೆ ಕೊದೊಕಾನಿನ ತಕಾಗಾಕಿ ಎಂಬ ಶಿಕ್ಷಕರು ಶಾಂತಿನಿಕೇತನಕ್ಕೆ ಬಂದು, ಹುಡುಗರಿಗೂ ಹುಡುಗಿಯರಿಗೂ ಕಲಿಸಿದರು.

ಜೂಡೊದಲ್ಲಿ ಮೊದಲ ಪಾಠ ಕೆಡವುವುದಲ್ಲ, ಬೀಳುವುದು. ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ, ಕೈಯಿಂದ ಚಾಪೆಯನ್ನು ಬಡಿದು ಬೀಳಬೇಕು. ಇದಕ್ಕೆ ‘ಉಕೆಮಿ’ ಎಂದು ಹೆಸರು. ಕತ್ತಿನ ಸ್ನಾಯುಗಳು ಗಟ್ಟಿಯಿಲ್ಲದಿದ್ದರೆ ಇದು ಸಾಗದು. ಇದನ್ನು ಹಗುರವಾಗಿ ಕಂಡದ್ದರ ಫಲವನ್ನು ಜಪಾನೇ ಉಂಡಿದೆ. 1983ರಿಂದ 2011ರವರೆಗೆ ಅಲ್ಲಿನ ಶಾಲೆಗಳಲ್ಲಿ ಜೂಡೊ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತರು. ಬಹಳಷ್ಟು ಸಾವುಗಳಿಗೆ ಕಾರಣ ತಲೆಗೆ ಬಿದ್ದ ಪೆಟ್ಟು. ಸತ್ತವರಲ್ಲಿ ಹೊಸದಾಗಿ ಸೇರಿದ ಮೊದಲ ವರ್ಷದವರೇ ಹೆಚ್ಚು. ದೇಹ ಇನ್ನೂ ಸಿದ್ಧವಾಗದ ಮಕ್ಕಳನ್ನು ಬಲಿತವರ ಕೈಗೆ ಕೊಟ್ಟು ಎತ್ತಿಹಾಕಿಸುವುದು ಯಾವ ಶಿಕ್ಷಣವೋ ನಾನರಿಯೆ. ಈ ಲೆಕ್ಕ ಬಯಲಿಗೆ ಬಂದ ಮೇಲೆ ಎಚ್ಚರಿಕೆ ಹೆಚ್ಚಿ, ಸಾವುಗಳು ಬಹಳ ಕಡಿಮೆಯಾದವು.

ಓಕಿನಾವಾ ದ್ವೀಪದ ಕರಾಟೆಯಲ್ಲಿ ದೇಹಸಾಧನೆಯ ಸಲಕರಣೆಗಳೇ ಬೇರೆ ಇವೆ. ಮರದ ಹಿಡಿ ಸಿಕ್ಕಿಸಿದ ಕಲ್ಲು. ಬೆರಳುಗಳಿಂದ ಬಾಯಂಚು ಹಿಡಿದು ಹೊತ್ತು ನಡೆಯುವ ಮಣ್ಣಿನ ಜಾಡಿ. ಗುದ್ದುವುದಕ್ಕೆ ಹುಲ್ಲುಹಗ್ಗ ಸುತ್ತಿದ ಕಂಬ. ನಮ್ಮ ಗರಡಿಮನೆಯನ್ನು ಕಂಡವರಿಗೆ ಇವು ತೀರ ಅಪರಿಚಿತವೆನಿಸಲಾರವು.

ಇನ್ನು ತೋಳಿನ ಪಕ್ಷದವರ ವಾದ. ಅವರ ದೊಡ್ಡ ಸಾಕ್ಷಿ 1964ರ ಟೋಕಿಯೊ ಒಲಿಂಪಿಕ್ಸ್. ಜೂಡೊ ಮೊದಲ ಸಲ ಸೇರಿದ್ದು ಆಗಲೇ. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಪಂದ್ಯದಲ್ಲಿ ಹಾಲೆಂಡಿನ ಆಂಟನ್ ಗೀಸಿಂಕ್, ಆರೂವರೆ ಅಡಿಯ ಆಳು, ಜಪಾನಿನ ಕಮಿನಾಗಾರನ್ನು ನೆಲಕ್ಕೆ ಒತ್ತಿಹಿಡಿದು ಗೆದ್ದ. ತುಂಬಿದ ಸಭಾಂಗಣ ಸ್ತಬ್ಧವಾಯಿತು. ಗಾತ್ರವೇ ಗೆದ್ದಿತು ಎಂದು ಅನೇಕರು ಬರೆದರು. ಆದರೆ ಗೀಸಿಂಕ್ ಜಪಾನಿಗೇ ಹೋಗಿ, ಜಪಾನೀ ಗುರುಗಳ ಕೈಕೆಳಗೆ ಪಟ್ಟುಗಳನ್ನು ಕಲಿತವನು. ಗಾತ್ರದ ಜೊತೆಗೆ ವಿದ್ಯೆಯೂ ಇತ್ತು. ಅದೇ ಒಲಿಂಪಿಕ್ಸಿನ ಮಧ್ಯಮ ತೂಕದಲ್ಲಿ ಗೆದ್ದ ಇಸಾವೊ ಒಕಾನೊ, ಸುಮಾರು 80 ಕಿಲೋ ತೂಗುವವರು, ತೂಕದ ಮಿತಿಯೇ ಇಲ್ಲದ ಅಖಿಲ ಜಪಾನ್ ಪಂದ್ಯವನ್ನು 1967ರಲ್ಲೂ 1969ರಲ್ಲೂ ಗೆದ್ದರು. ಗಾತ್ರವೇ ಎಲ್ಲವೂ ಆಗಿದ್ದರೆ ಇದು ಆಗುತ್ತಿರಲಿಲ್ಲ. ಹಾಗೆಂದು ಒಕಾನೊ ಅವರನ್ನು ದುರ್ಬಲರೆಂದು ಯಾರೂ ಹೇಳಲಾರರು. ಅವರಿಗಿಂತ ಹಿಂದೆ, 1937ರಿಂದ ಮೂರು ವರ್ಷ ಎಡೆಬಿಡದೆ ಗೆದ್ದ ಮಸಾಹಿಕೊ ಕಿಮುರಾ ಅವರೂ ಸಾಧಾರಣ ಎತ್ತರದವರೇ. ಕಾಲು ಕೊಟ್ಟು ಕೆಡವುವ ಪಟ್ಟನ್ನು ಅವರು ಮರಗಳ ಮೇಲೆಯೇ ಅಭ್ಯಾಸ ಮಾಡುತ್ತಿದ್ದರು. ಮರ ಬೀಳುವುದಿಲ್ಲ, ಮನುಷ್ಯ ಬೀಳುತ್ತಾನೆ.

ಬಲವೇ ಬೇಡವೆನ್ನುವವರು ಐಕಿಡೊ ವಿದ್ಯೆಯ ಮೊರಿಹೆಯಿ ಉಯೆಶಿಬಾ ಅವರನ್ನು ತೋರಿಸುತ್ತಾರೆ. ಹಳೆಯ ಚಲಚ್ಚಿತ್ರಗಳಲ್ಲಿ ಬಿಳಿಗಡ್ಡದ ಆ ಕುಳ್ಳ ಮುದುಕರು ಕೈಯಾಡಿಸಿದರೆ ಯುವಕರು ದೂರ ಉರುಳುತ್ತಾರೆ. ಆದರೆ ಅದೇ ಮುದುಕರು ಯೌವನದಲ್ಲಿ ಸೈನ್ಯ ಸೇರುವುದಕ್ಕಾಗಿ ಮೈಯನ್ನು ದಂಡಿಸಿದವರು. 1912ರಲ್ಲಿ ಉತ್ತರದ ಹೊಕ್ಕೈದೊ ದ್ವೀಪಕ್ಕೆ ವಲಸೆ ಹೋಗಿ ಕಾಡು ಕಡಿದು ನೆಲೆ ಮಾಡಿಕೊಂಡವರು. ತಿಜೋರಿ ತುಂಬಿದವನು ಹಣದ ಮೇಲೆ ಮೋಹವಿಲ್ಲವೆಂದಂತೆ ಅವರ ಮಾತು.

ಹಾಗಾದರೆ ಬಲ ಕುಗ್ಗಿದ ಮೇಲೆ ಉಳಿಯುವುದೇನು? ಇದಕ್ಕೆ ಬಿದಿರಿನ ಕತ್ತಿಯ ‘ಕೆಂಡೊ’ ವಿದ್ಯೆಯನ್ನು ನೋಡಬೇಕು. ಅಲ್ಲಿ ಅರುವತ್ತು ದಾಟಿದ ಗುರುಗಳು ಇಪ್ಪತ್ತರ ಹುಡುಗರನ್ನು ಸುಸ್ತು ಮಾಡುವುದು ಅಪರೂಪವಲ್ಲ. ಹುಡುಗ ಹತ್ತು ಸಲ ಹಾರಿ ಬೀಸುವಾಗ ಗುರು ಅರ್ಧ ಹೆಜ್ಜೆ ಇಡುತ್ತಾರೆ, ಅಷ್ಟೆ. ಆದರೆ ಆ ಅರ್ಧ ಹೆಜ್ಜೆ ನಾಲ್ಕು ದಶಕಗಳ ಅಭ್ಯಾಸದಿಂದ ಬಂದದ್ದು. ಕೆಂಡೊದ ಎಂಟನೆಯ ದರ್ಜೆಯ ಪರೀಕ್ಷೆಗೆ 46 ವರ್ಷ ತುಂಬದವರು ಕೂರುವಂತೆಯೇ ಇಲ್ಲ. ನೂರು ಜನ ಕುಳಿತರೆ ತೇರ್ಗಡೆಯಾಗುವುದು ಸುಮಾರು ಒಬ್ಬರು. ಮಾರ್ಚಿ ಪರೀಕ್ಷೆಯ ಭಯದಲ್ಲಿರುವ ನನ್ನ ಮಿತ್ರರು ಕೇಳಬೇಕು: ಎಪ್ಪತ್ತು ದಾಟಿದವರೂ ಅಲ್ಲಿ ಕವಚ ತೊಟ್ಟು, ಮತ್ತೊಮ್ಮೆ ಸರದಿಯಲ್ಲಿ ನಿಲ್ಲುತ್ತಾರೆ.